ಐದರ ಗಾಡಿ ಬರುವತನಕ

ಇದೆಲ್ಲ ಹೀಗೆಯೇ ನಡೆಯಿತೆಂದು ನಾನು ಆಣೆ ಮಾಡಿ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ್ದರ ಫಲವೋ ಏನೋ, ಬೇರೆಯವರ ನೆನಪನ್ನು ನಂಬದ ಚಾಳಿ ಮೊದಲು ಹತ್ತಿತು. ವಯಸ್ಸಾದ ಮೇಲೆ ನನ್ನದನ್ನೂ ನಂಬದ ಹಾಗಾಯಿತು. ಬಹಳ ಸಲ ಹೇಳಿದ ಕತೆ ಹೇಳುವವನಿಗೆ ಬೇಕಾದ ಕಡೆ ತಿರುಗಿಕೊಂಡು ಬಿಡುತ್ತದೆ. ಈ ಕತೆಯನ್ನು ನಾನು ಬಹಳ ಸಲ ಹೇಳಿದ್ದೇನೆ.

ಕಳೆದ ತಿಂಗಳು ಹರಿದ ಚಪ್ಪಲಿ ಹೊಲಿಸಲೆಂದು ಬಜಾರಿಗೆ ಹೋಗಿದ್ದೆ. ಅಂಗಡಿಯವರು ಒಣಗಿ ಬಿರುಸಾದ ಚರ್ಮದ ತುಂಡೊಂದಕ್ಕೆ ಔಡಲೆಣ್ಣೆ, ಎಂದರೆ ಹರಳೆಣ್ಣೆ, ತಿಕ್ಕುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಚಿತ್ತಾಪುರದ ನಮ್ಮ ಬಾಜೂ ಮನೆಯ ಕಟ್ಟೆ ಕಣ್ಣ ಮುಂದೆ ಬಂತು. ಕಟ್ಟೆಯ ಮೇಲೆ ಧೋತರ ಮೊಳಕಾಲಿಗೆ ಎತ್ತಿಕೊಂಡು ಕುಳಿತ ಕಾಕಾ. ಅವರ ತೊಡೆಯ ಮೇಲೆ ಫುಟ್‌ಬಾಲ್. ಕೂಸಿಗೆ ಎಣ್ಣೆ ಹಚ್ಚುವವರ ಹಾಗೆ ಅದರ ಹೊಲಿಗೆ ಹೊಲಿಗೆಗೂ ಬೆರಳಾಡಿಸಿ ಎಣ್ಣೆ ತಿಕ್ಕುತ್ತಿದ್ದರು. ಪಂದ್ಯದ ಹಿಂದಿನ ದಿನ ಈ ಕೆಲಸವನ್ನು ಅವರು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಮರುದಿನ ಚೆಂಡನ್ನು ತಲೆಯಿಂದ ಹೊಡೆದವರ ಕೂದಲೆಲ್ಲ ಔಡಲೆಣ್ಣೆ ನಾರುತ್ತಿತ್ತು... ಎರಡು ದಿನ ತೊಳೆದರೂ ಹೋಗುತ್ತಿರಲಿಲ್ಲ.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಊರಿಗೆಲ್ಲ ಅವರು ಕಾಕಾ. ಅಣ್ಣನ ಜೊತೆ ಕೂಡಿ ಫರಸಿ ವ್ಯಾಪಾರ ಮಾಡುತ್ತಿದ್ದರು. ಅಂದರೆ ನಮ್ಮ ಕಡೆ ಮನೆಯ ನೆಲಕ್ಕೆ ಹಾಸುವ ಕಲ್ಲಿನ ವ್ಯಾಪಾರ. ಗಣಿ, ದುಡ್ಡು, ಗಿರಾಕಿ ಎಲ್ಲ ಅಣ್ಣನ ಕೈಯಲ್ಲಿ. ಅವರಿಗೆ ಎಲ್ಲರೂ ದೊಡ್ಡ ಸಾವ್ಕಾರರು ಎನ್ನುತ್ತಿದ್ದರು. ಕಾಕಾನ ಪಾಲಿಗೆ ಇದ್ದದ್ದು ಲಾರಿ ಮತ್ತು ಅಂಗಡಿಯ ಹಿಂದಿನ ಬಯಲು. ಆ ಬಯಲಲ್ಲಿ ಕಲ್ಲು ಇಳಿಸಬೇಕಾದವರು ಗೋಲು ಕಂಬ ನೆಟ್ಟಿದ್ದರು.

ಕ್ಲಬ್ಬಿನ ಇತಿಹಾಸ ಅಂತ ಬರೆದಿಟ್ಟದ್ದು ಯಾವುದೂ ಇಲ್ಲ. ಕಾಕಾ ಹೇಳಿದ್ದೇ ಇತಿಹಾಸ. ಅವರು ಗುಲಬರ್ಗಾದಲ್ಲಿ ಓದುವಾಗ ಡ್ರಿಲ್ ಮಾಸ್ತರರೊಬ್ಬರಿಂದ ಆಟ ಕಲಿತರಂತೆ. ಮ್ಯಾಟ್ರಿಕ್ ಪಾಸಾಗಲಿಲ್ಲ, ಆಟ ಮಾತ್ರ ಊರಿಗೆ ಬಂತು. ಲಾರಿಗೆ ಕಲ್ಲು ಹೇರುವವರು, ಕಚೇರಿಯ ಕಾರಕೂನರು, ಅತ್ತರಿನ ಅಂಗಡಿಯವರ ಮಕ್ಕಳು ಸೇರಿ ಹನ್ನೊಂದು ಮಂದಿಯಾದರು. ನಮಗೊಂದು ದೊಡ್ಡ ಹೆಸರಿತ್ತು, ಆದರೆ ಯಾರೂ ಅದನ್ನು ಬಳಸುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಫರಸಿ ಟೀಮ್. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿಕೊಂಡ ಪೊಲೀಸ್ ಆ್ಯಕ್ಷನ್ ಆದ ವರ್ಷ ಆಟ ನಿಂತಿತು. ಕೆಲವರು ಊರು ಬಿಟ್ಟು ಹೋದರು, ಉಳಿದವರು ಕದ ಹಾಕಿಕೊಂಡು ಕುಳಿತರು. ಬಯಲಲ್ಲಿ ಮೊಳಕಾಲುದ್ದ ಹುಲ್ಲು ಬೆಳೆಯಿತು. ಆಮೇಲೊಂದು ದಿನ ಕಾಕಾ ಚೆಂಡು ಕಂಕುಳಲ್ಲಿ ಹಿಡಿದುಕೊಂಡು ಮನೆ ಮನೆಗೆ ಹೋದರಂತೆ. ಸಮಾಧಾನದ ಮಾತಿಲ್ಲ, ಉಪದೇಶವಿಲ್ಲ. “ಗೋಲ್‌ನ್ಯಾಗ ಯಾರೂ ಇಲ್ಲ, ಬರ್ರಿ” ಎಂದಷ್ಟೇ ಹೇಳಿ ಮುಂದಿನ ಮನೆಗೆ ನಡೆದರಂತೆ. ಎಲ್ಲರೂ ಬರಲಿಲ್ಲ. ಬಂದವರಿಂದ ಟೀಮು ಆಯಿತು.

ನಾನು ಹೈದರಾಬಾದಿನ ಓದು ಮುಗಿಸಿ, ಊರಿನ ಶಾಲೆಯಲ್ಲಿ ಮಾಸ್ತರನಾಗಿ ಬಂದದ್ದು ಆಮೇಲೆ. ಬಂದ ವಾರದಲ್ಲೇ ಕಾಕಾ ಕಟ್ಟೆಯ ಮೇಲಿಂದ ಕೂಗಿದರು: “ಏ ಮಾಸ್ತರಾ, ಎಡಗಾಲು ನಡೀತದೇನು? ನಮ್ಮಲ್ಲಿ ಎಡಗಾಲಿನ ಮನಷ್ಯಾನೇ ಇಲ್ಲ.” ನಡೆಯುತ್ತದೆ ಎಂದೆ. ಲೆಫ್ಟ್ ಔಟ್ ಆದೆ.

ಆಗ ಐದು ಊರುಗಳ ನಡುವೆ ಲೀಗ್ ನಡೆಯುತ್ತಿತ್ತು. ಪ್ರತಿ ಊರೂ ಉಳಿದ ಊರುಗಳ ಜೊತೆ ಒಮ್ಮೆ ತನ್ನಲ್ಲಿ, ಒಮ್ಮೆ ಅವರಲ್ಲಿ ಆಡಬೇಕು. ಗೆದ್ದರೆ ಎರಡು ಪಾಯಿಂಟು, ಸಮವಾದರೆ ಒಂದು. ಪಟ್ಟಿಯನ್ನು ಕಾಕಾ ಅಂಗಡಿಯ ಮುಂದೆ ನಿಲ್ಲಿಸಿದ ಕರಿ ಫರಸಿಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದರು. ಮೇಲೆ ಶಹಾಬಾದ್. ಅವರು ಕಾರ್ಖಾನೆಯ ಹುಡುಗರು, ಕಾಲಿಗೆ ಬೂಟು, ಅರ್ಧ ಆಟಕ್ಕೆ ನಿಂಬೆ ಶರಬತ್ತು. ಅವರ ಕೆಳಗೆ ಸೇಡಂ ಮತ್ತು ವಾಡಿ, ಒಂದು ವರ್ಷ ಇವರು ಮೇಲೆ, ಇನ್ನೊಂದು ವರ್ಷ ಅವರು. ಕೆಳಗಿನ ಎರಡು ಸಾಲು ಚಿತ್ತಾಪುರಕ್ಕೂ ಚಿಂಚೋಳಿಗೂ ಗುತ್ತಿಗೆ. ಚಿಂಚೋಳಿಯವರು ಚಿಮ್ಮನಚೋಡದ ಕಡೆಯ ಒಕ್ಕಲಿಗರ ಮಕ್ಕಳು, ಬರಿಗಾಲಲ್ಲಿ ಆಡುತ್ತಿದ್ದರು. ರೈಲಿಲ್ಲದ ಊರು, ಬಸ್ಸು ಕೆಟ್ಟರೆ ಪಂದ್ಯವೇ ಹೋಯಿತು. ಅವರಿಗಿಂತ ಕೆಳಗೆ ಇರಲು ನಮಗೆ ಅಂಥ ಯಾವ ನೆಪವೂ ಇರಲಿಲ್ಲ. ಆದರೂ ಇರುತ್ತಿದ್ದೆವು.

ಆ ವರ್ಷ... ಚುನಾವಣೆ ಆದ ವರ್ಷವೋ ಅದರ ಮರುವರ್ಷವೋ, ನನಗೆ ಖಾತ್ರಿಯಿಲ್ಲ. ದೊಡ್ಡ ಸಾವ್ಕಾರರು ಒಂದು ಮುಂಜಾನೆ ಆ ಪಟ್ಟಿಯ ಮುಂದೆ ನಿಂತರು. ಅವರು ಯಾವತ್ತೂ ಆಟ ನೋಡಿದವರಲ್ಲ. ಪಟ್ಟಿ ಓದುತ್ತಿದ್ದರು.

“ಏನೋ, ಈ ವರ್ಷನೂ ಕಡೀ ಮನಿಯೇನು?”

“ಇನ್ನೂ ಒಂದು ಮ್ಯಾಚ್ ಉಳದದ ಅಣ್ಣಾ” ಎಂದರು ಕಾಕಾ.

“ಗಣಿಯಿಂದ ದಿನಾ ಮಾಲು ಬರಾಕತ್ತದ. ಎಲ್ಲಿ ಇಳಸಲಿ, ನನ್ನ ತಲಿ ಮ್ಯಾಲಾ? ಸೋಲಾಕ ಅಷ್ಟು ದೊಡ್ಡ ಜಾಗಾ ಯಾಕ ಬೇಕೋ ನಿಮಗ? ಸಣ್ಣ ಜಾಗದಾಗೂ ಸೋಲಬಹುದಲ್ಲ.”

ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು. ಕಾಕಾನಿಗೆ ಆ ನಗು ತಾಗಿತು. ಅಲ್ಲೇ ಮಾತಾಯಿತು. ಈ ವರ್ಷ ಕಡೆಗೆ ಬಂದರೆ ಮರುದಿನದಿಂದಲೇ ಬಯಲಲ್ಲಿ ಕಲ್ಲು ಇಳಿಯುತ್ತದೆ, ಗೋಲು ಕಂಬ ಕಿತ್ತು ಹೋಗುತ್ತದೆ. ಬರದಿದ್ದರೆ ಸಾವ್ಕಾರರು ಆ ಜಾಗದ ಸುದ್ದಿ ಎತ್ತುವುದಿಲ್ಲ. “ಮಾತಂದ್ರ ಮಾತು” ಎಂದರು ಅಣ್ಣ. “ಮಾತಂದ್ರ ಮಾತು” ಎಂದರು ತಮ್ಮ. ಸಾವ್ಕಾರರು ತಿರುಗಿ ಹೋಗುವಾಗ, ಕಡೆಯ ಪಂದ್ಯದ ದಿನ ತಾವೇ ವಾಡಿಗೆ ಬಂದು ನಾಲ್ಕು ಮಂದಿಯ ಮುಂದೆ ಕೇಳಿಕೊಳ್ಳುತ್ತೇವೆ, ತಮ್ಮನ ಬಾಯಿ ಮಾತಿನ ಮೇಲೆ ನಡೆಯುವುದಿಲ್ಲ ಎಂದೂ ಸೇರಿಸಿದರು.

ಚಿಂಚೋಳಿಯವರ ಪಂದ್ಯಗಳೆಲ್ಲ ಮುಗಿದಿದ್ದವು. ಅವರದು ನಾಲ್ಕು ಪಾಯಿಂಟು. ನಮ್ಮದೂ ನಾಲ್ಕು. ಇಬ್ಬರೂ ಹಾಗೇ ಉಳಿದರೆ ಹೆಚ್ಚು ಗೋಲು ತಿಂದವರು ಕೆಳಗೆ; ಗೋಲು ತಿನ್ನುವುದರಲ್ಲಿ ನಮಗೆ ಸರಿಸಾಟಿ ಇರಲಿಲ್ಲ. ಆದ್ದರಿಂದ ವಾಡಿಯಲ್ಲಿ ನಮಗೆ ಗೆಲ್ಲಲು ಆಗದಿದ್ದರೂ ಸರಿ, ಸೋಲಬಾರದು.

ವಾಡಿಯಲ್ಲಿ ಆಡುವುದೆಂದರೆ ಬೇರೆಯೇ ಒಂದು ಕಾನೂನು. ಆ ಊರಿನ ಮೈದಾನ ರೈಲ್ವೆ ಯಾರ್ಡಿನ ಬೆನ್ನಿಗಿತ್ತು. ಲೀಗ್ ಶುರುವಾದ ವರ್ಷ ಪಂದ್ಯದ ಹೊತ್ತಿನ ಮೇಲೆ ದೊಡ್ಡ ಜಗಳವಾಗಿತ್ತಂತೆ. ಒಬ್ಬನ ಗಡಿಯಾರ ಮುಂದೆ, ಇನ್ನೊಬ್ಬನದು ಹಿಂದೆ, ಸೋಲುತ್ತಿರುವವನ ಗಡಿಯಾರ ನಿಂತೇ ಹೋಗಿರುತ್ತಿತ್ತು. ಪಂದ್ಯಗಳಿಗೆ ರೆಫ್ರಿಯಾಗಿ ಸೀಟಿ ಊದುತ್ತಿದ್ದವರು ವಾಡಿಯ ಒಬ್ಬ ರಿಟೈರ್ಡ್ ಗಾರ್ಡ್ ಸಾಹೇಬರು. ಅವರು ಬೇಸತ್ತು ತೀರ್ಪು ಕೊಟ್ಟರು: ಮೊದಲ ಅರ್ಧ ನನ್ನ ಅಂದಾಜಿನಂತೆ; ಎರಡನೆಯ ಅರ್ಧ ಸೇಡಂ ಕಡೆಯಿಂದ ಐದಕ್ಕೆ ಬರುವ ಪ್ಯಾಸೆಂಜರ್ ಗಾಡಿ ಸಿಗ್ನಲ್ಲಿನ ಕೈಮರ ದಾಟುವತನಕ. ಗಾಡಿಯನ್ನು ಯಾರೂ ಹಿಂದೆ ಮುಂದೆ ತಿರುವಲಾರರು ಎಂದು ಎಲ್ಲರೂ ಒಪ್ಪಿದರು. ಗಾಡಿ ತಡವಾದರೆ ಆಟವೂ ಉದ್ದ. ಒಮ್ಮೆ ಸೇಡಂನವರು ಕತ್ತಲಾಗುವತನಕ ಆಡಿ, ಕಡೆಗೆ ಚೆಂಡು ಕಾಣದೆ ಒಬ್ಬರ ಕಾಲು ಒಬ್ಬರು ಒದ್ದುಕೊಂಡಿದ್ದರು.

ಇದರಿಂದ ನಮ್ಮ ಊರಿಗೆ ಒಂದು ವಿಚಿತ್ರ ಗತಿ ಬಂದಿತ್ತು. ಚಿತ್ತಾಪುರದ ಜನ ಕೆಲಸ ಮುಗಿಸಿಕೊಂಡು ವಾಡಿಗೆ ಬರುತ್ತಿದ್ದುದು ನಮ್ಮೂರ ಮೇಲೆ ಹಾದು ಬರುವ ಅದೇ ಐದರ ಗಾಡಿಯಲ್ಲಿ. ಅವರು ಬಂದರೆ ಆಟ ಮುಗಿಯಿತು. ಹಾಗಾಗಿ ವಾಡಿಯಲ್ಲಿ ನಾವು ಆಡಿದ್ದನ್ನು ನಮ್ಮ ಊರಿನ ಒಬ್ಬ ನರಪಿಳ್ಳೆಯೂ ನೋಡಿರಲಿಲ್ಲ. ಇಳಿದವರೇ ಓಡಿ ಬಂದು “ಏನಾತು, ಏನಾತು?” ಎಂದು ಕೇಳುತ್ತಿದ್ದರು. ನಾವು ಹೇಳುತ್ತಿದ್ದೆವು. ಬಹುಮಟ್ಟಿಗೆ ಒಂದೇ ಉತ್ತರ.

ಆಟಗಾರರು ಮಾತ್ರ ಮುಂಜಾನೆಯೇ ಕಾಕಾನ ಲಾರಿಯಲ್ಲಿ ಹೊರಟೆವು. ಲಾರಿಯಲ್ಲಿ ವಾಡಿಗೆ ಹೋಗುವ ಮಾಲೂ ಇತ್ತು. ಫರಸಿಯನ್ನು ಮಲಗಿಸಿ ಒಯ್ದರೆ ಕುಲುಕಿಗೆ ಒಡೆಯುತ್ತದೆ. ಪುಸ್ತಕದ ಹಾಗೆ ನಿಲ್ಲಿಸಿ ಒಯ್ಯಬೇಕು. ನಿಂತ ಕಲ್ಲುಗಳ ನಡುವೆ ನಾವು ನಿಂತೇ ಹೋದೆವು. ಮೈದಾನದಲ್ಲೂ ಕಾಕಾನ ಬಾಯಲ್ಲಿ ಅದೇ ಭಾಷೆ. ನಮ್ಮ ಬ್ಯಾಕು ಚೆಂಡಿಗಾಗಿ ನೆಲಕ್ಕೆ ಜಾರಿದರೆ ಕೊಡೆ ಎತ್ತಿ ಒದರುತ್ತಿದ್ದರು: “ಮಲಗಬ್ಯಾಡೋ ಮಗನ, ಮಲಗಿದ್ರ ಒಡೀತಿ! ನಿಂದ್ರು!”

ಪಂದ್ಯ ಹೇಗೆ ನಡೆಯಿತೆಂದು ವಿವರಿಸಲು ನನಗೆ ಧೈರ್ಯವಿಲ್ಲ. ವಾಡಿಯ ಕ್ಯಾಪ್ಟನ್ನೇ ಅವರ ಗೋಲ್‌ಕೀಪರ್. ಲೋಕೋ ಶೆಡ್ಡಿನ ಫಿಟ್ಟರು, ಎರಡು ಕೈಯೂ ಸಲಿಕೆಯಂಥವು. ವಾಡಿಯವರು ಮೊದಲು ಗೋಲು ಹೊಡೆದರು. ಅರ್ಧದ ನಂತರ ನಾವು ಒಂದು ಹೊಡೆದೆವು. ಆ ಗೋಲಿಗೆ ಎಡಗಡೆಯಿಂದ ಚೆಂಡು ಕೊಟ್ಟವನು ನಾನು ಎಂದು ನನ್ನ ನೆನಪು ಹೇಳುತ್ತದೆ. ನನ್ನ ನೆನಪು ಇನ್ನೇನು ಹೇಳೀತು? ಅಂತೂ ಒಂದಕ್ಕೊಂದು ಆಯಿತು. ಆಮೇಲೆ ನಾವು ಹನ್ನೊಂದು ಮಂದಿಯೂ ನಮ್ಮ ಗೋಲಿನ ಮುಂದೆ ಗೋಡೆ ಕಟ್ಟಿ ನಿಂತು, ಬಂದ ಚೆಂಡನ್ನೆಲ್ಲ ಯಾರ್ಡಿಗೆ ಒದೆಯುತ್ತ ಕೈಮರವನ್ನೇ ನೋಡುತ್ತಿದ್ದೆವು. ಕೈಮರ ಇಳಿಯಿತು. ನಿಂತ ವ್ಯಾಗನ್ನುಗಳ ಆಚೆ ಹೊಗೆ ಕಾಣಿಸಿತು, ಹಿಂದೆ ಪ್ಯಾಸೆಂಜರ್ ಡಬ್ಬಿಗಳು ಕಾಣಿಸಿದವು. ಗಾರ್ಡ್ ಸಾಹೇಬರು ಉದ್ದಕ್ಕೆ ಸೀಟಿ ಊದಿದರು.

ನಾವು ಕುಣಿದೆವು. ಕಾಕಾನ ಕೊಡೆ ಆಕಾಶಕ್ಕೆ ಹಾರಿತು. ವಾಡಿಯವರು ಕೈ ಕುಲುಕಿದರು. ಹತ್ತಿರದ ಹೋಟೆಲಿನಿಂದ ಬಿಸಿ ಮಿರ್ಚಿ ಭಜಿಯ ಬುಟ್ಟಿ ಬಂತು, ಮಂಡಕ್ಕಿಯ ಸುಸಲಾ ಬಂತು, ಚಹಾ ಬಂತು. ನಾವು ಮುಂಜಾನೆಯಿಂದ ಉಪವಾಸವಿದ್ದವರ ಹಾಗೆ ಅದರ ಮೇಲೆ ಬಿದ್ದೆವು. ಕಾಕಾ ಒಂದು ಭಜಿಯನ್ನೂ ಮುಟ್ಟದೆ, “ಅಣ್ಣಗ ನಾನಽ ಹೇಳ್ತೀನಿ, ಯಾರೂ ಬರಬ್ಯಾಡ್ರಿ” ಎಂದು ಸ್ಟೇಶನ್ನಿಗೆ ಹೋದರು. ಧೋತರದ ಚುಂಗು ಹಿಡಿದು, ಹಳಿ ದಾಟಿ, ಹೆಚ್ಚುಕಡಿಮೆ ಓಡುತ್ತಲೇ ಹೋದರು.

ಸ್ವಲ್ಪ ಹೊತ್ತಿಗೆ ತಿರುಗಿ ಬಂದರು. ಈ ಸಲ ಓಡುತ್ತಿರಲಿಲ್ಲ. ಜೊತೆಗೆ ಯಾರೂ ಇರಲಿಲ್ಲ. ನೇರ ಗಾರ್ಡ್ ಸಾಹೇಬರ ಮುಂದೆ ಬಂದು ನಿಂತರು.

“ಸಾಹೇಬ್ರ, ಆಟ ಮುಗದಿಲ್ರಿ.”

“ಯಾಕ್ರೀ?”

“ಬಂದದ್ದು ಐದರ ಗಾಡಿ ಅಲ್ರಿ. ಮಧ್ಯಾಹ್ನದ ಮಿಕ್ಸ್ ಗಾಡಿ ಅದು. ತಾಂಡೂರ ಕಡೆ ಎಂಜಿನ್ ಕೆಟ್ಟು ಈಗ ಬಂದದ. ನಮ್ಮೂರಾಂವ ಒಬ್ನೂ ಇಳೀಲಿಲ್ಲ. ಐದರದು ಅದರ ಹಿಂದ ಬರಾಕತ್ತದಂತ.”

ಮಿಕ್ಸ್ ಗಾಡಿಯೆಂದರೆ ಮುಂದೆ ಮಾಲಿನ ವ್ಯಾಗನ್ನು, ಹಿಂದೆ ನಾಲ್ಕು ಪ್ಯಾಸೆಂಜರ್ ಡಬ್ಬಿ. ಯಾರ್ಡಿನ ವ್ಯಾಗನ್ನುಗಳ ಮರೆಯಲ್ಲಿ ನಮಗೆ ಕಂಡದ್ದು ಹಿಂದಿನ ಡಬ್ಬಿಗಳು ಮಾತ್ರ. ಗಾಡಿ ತಡವಾಗಿದೆಯೆಂಬ ಸುದ್ದಿ ಮೊದಲು ತಿಳಿಯಬೇಕಾದ ವಾಡಿಯ ತಂತಿ ನೋಡಿಕೊಳ್ಳುವ ತಾರ್ ಮಾಸ್ತರರು ಆ ಹೊತ್ತಿಗೆ ಅದೇ ಮೈದಾನದಲ್ಲಿ ಅವರ ಲೆಫ್ಟ್ ಬ್ಯಾಕ್ ಆಗಿ ಆಡುತ್ತಿದ್ದರು! ಹಾಗಾಗಿ ತಿಳಿದವರು ಯಾರೂ ಇರಲಿಲ್ಲ. ಕಾಕಾ ಹೇಳದಿದ್ದರೆ ನಿಜವಾದ ಐದರ ಗಾಡಿ ಬರುವತನಕ ತಿಳಿಯುತ್ತಲೂ ಇರಲಿಲ್ಲ.

ನಮ್ಮ ಸೆಂಟರ್ ಹಾಫ್ ಬಾಯಲ್ಲಿದ್ದ ಭಜಿಯನ್ನು ನುಂಗಲೂ ಆಗದೆ ಉಗುಳಲೂ ಆಗದೆ, “ಕಾಕಾ, ಸುಮ್ ಬಂದು ಭಜಿ ತಿನ್ನಬಾರದಿತ್ತಾ?” ಎಂದ.

“ಗಾಡಿನೇ ಬಂದಿಲ್ಲ ಅಂದ್ ಮ್ಯಾಲ ಭಜಿ ಹೆಂಗ್ ತಿಂತೀಯೋ? ಏಳ್ರಿ, ಏಳ್ರಿ.”

ಗಾರ್ಡ್ ಸಾಹೇಬರು ತಲೆ ಕೆರೆದುಕೊಂಡರು. “ಊದಿದ ಸೀಟಿ ವಾಪಸ್ ತಗೋಳಾಕ ಬರ್ತದೇನ್ರಿ?” ಎಂದರು. ಗಾಡಿಯೇ ತಪ್ಪಾದ ಮೇಲೆ ಸೀಟಿ ಯಾವ ಲೆಕ್ಕ ಎಂದರು ಕಾಕಾ. ವಾಡಿಯ ಕ್ಯಾಪ್ಟನ್ನಿಗೂ ಆಡುವ ಮನಸ್ಸಿರಲಿಲ್ಲ. ಅವನೂ ಭಜಿ ತಿಂದಿದ್ದ. ಆದರೆ ಎದುರಾಳಿಯೇ ಬಂದು ಆಡೋಣ ಎನ್ನುವಾಗ ಒಲ್ಲೆ ಎನ್ನಲು ಅವನಿಗೆ ನಾಚಿಕೆಯಾಯಿತು.

ಆ ಎರಡನೆಯ ಆಟದಷ್ಟು ಭಾರವಾದ ಆಟವನ್ನು ನಾನು ಇನ್ನೆಲ್ಲೂ ಆಡಿಲ್ಲ. ಹೊಟ್ಟೆಯಲ್ಲಿ ಮೆಣಸಿನಕಾಯಿ ಉರಿಯುತ್ತಿತ್ತು. ಓಡಿದರೆ ಚಹಾ ಗುಳುಗುಳು ಎನ್ನುತ್ತಿತ್ತು. ನಮ್ಮ ರೈಟ್ ಬ್ಯಾಕ್ ಅರಳಿಮರದ ಬುಡಕ್ಕೆ ಹೋಗಿ ವಾಂತಿ ಮಾಡಿ ಬಂದ. ಹೊತ್ತು ಇಳಿಯುತ್ತಿತ್ತು. ಕೈಮರ ಮಾತ್ರ ಮೇಲೆಯೇ ಇತ್ತು. ಕಡೆಗೊಂದು ಕಾರ್ನರ್ ಬಂತು... ಚೆಂಡು ಯಾರ ಹೆಗಲಿಗೆ ಬಡಿಯಿತೋ, ಯಾರ ಮೊಳಕಾಲಿಗೆ ತಾಗಿತೋ, ಗೋಲಿನೊಳಗೆ ಹೋಗಿ ಬಿತ್ತು. ವಾಡಿಯವರೂ ದೊಡ್ಡದಾಗಿ ಕೂಗಲಿಲ್ಲ. ಅದಾದ ಸ್ವಲ್ಪವೇ ಹೊತ್ತಿಗೆ ಕೈಮರ ಇಳಿಯಿತು. ಈ ಸಲ ಡಬ್ಬಿಗಳ ಕಿಟಕಿ ಕಿಟಕಿಯಿಂದ ನಮ್ಮ ಊರಿನ ಗಂಟಲುಗಳು ಕೇಳಿಸಿದವು.

ದೊಡ್ಡ ಸಾವ್ಕಾರರು ರುಮಾಲು ಸುತ್ತಿಕೊಂಡು, ಕೋಟಿನ ಗುಂಡಿ ಹಾಕಿಕೊಂಡು, ಮದುವೆಗೆ ಬಂದವರ ಹಾಗೆ ಮೈದಾನಕ್ಕೆ ಬಂದರು. ಸುತ್ತ ಊರಿನ ಮಂದಿ.

“ಏನಾತೋ?”

“ಸೋತ್ವಿ ಅಣ್ಣಾ” ಎಂದರು ಕಾಕಾ.

“ಆತು. ಹಂಗಾದ್ರ ನಾಳಿಂದ ಕಲ್ಲು ಇಳಸೂಣು.”

“ಇಳಸ್ರಿ.”

ವಾಡಿಯ ಕ್ಯಾಪ್ಟನ್ ಅಲ್ಲೇ ಮುಖ ತೊಳೆಯುತ್ತಿದ್ದ. “ಯಾವ ಕಲ್ಲು? ಎಲ್ಲಿ ಇಳಸ್ತಾರ?” ಎಂದು ನನ್ನನ್ನು ಕೇಳಿದ. ನಾನು ಎಲ್ಲ ಹೇಳಿದೆ. ಅವನು ಒದ್ದೆ ಮುಖದಲ್ಲೇ ನಡೆದು ಹೋಗಿ ಅಣ್ಣ ತಮ್ಮಂದಿರ ನಡುವೆ ನಿಂತ.

“ಬಡೇ ಸಾವ್ಕಾರ್ರ, ಇವ್ರು ಸೋತಿಲ್ರಿ. ಡ್ರಾ ಆಗ್ಯದ. ಗಾಡಿ ಬಂತು, ಸಾಹೇಬ್ರು ಸೀಟಿ ಊದಿದ್ರು, ಆಟ ಖತಂ. ಆಮ್ಯಾಲ ಭಜಿ ಜೀರ್ಣ ಆಗ್ಲಂತ ಸುಮ್ನ ಆಡೀವಿ.”

ಕಾಕಾನ ಮುಖ ಕೆಂಪಾಯಿತು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. “ಏಯ್! ನೀ ಯಾರೋ ನಮಗ ಪಾಯಿಂಟ್ ದಾನ ಮಾಡಾಂವ? ಗೋಲ್ ಆಗ್ಯದ. ನಾವು ಸೋತೀವಿ.”

“ಆಗಿಲ್ರಿ.”

“ನನ್ನ ಕಣ್ಣಾರೆ ನೋಡೀನಿ!”

“ನೋಡ್ರಿ, ಬ್ಯಾಡ ಅನ್ನಂಗಿಲ್ಲ. ಆಟ ಮುಗದ ಮ್ಯಾಲ ಆದ ಗೋಲ್ ಅದು.”

ಇದರಲ್ಲಿ ವಾಡಿಯವರಿಗೆ ಕಳೆದುಕೊಳ್ಳುವುದೂ ಇತ್ತು. ಗೆದ್ದರೆ ಅವರು ಸೇಡಂ ದಾಟಿ ಎರಡನೆಯ ಸ್ಥಾನಕ್ಕೆ ಬರುತ್ತಿದ್ದರು. ಆ ಒಂದು ವರ್ಷ ಮೊದಲ ಎರಡು ಟೀಮುಗಳಿಗೆ ಗುಲಬರ್ಗಾದ ಪಂದ್ಯಾವಳಿಗೆ ಕರೆ ಬರಲಿತ್ತು. ಅವರ ಹುಡುಗರಲ್ಲಿ ಒಬ್ಬಿಬ್ಬರು ಕ್ಯಾಪ್ಟನ್ನಿನ ತೋಳು ಜಗ್ಗಿ ಇದನ್ನೇ ಪಿಸುಗುಟ್ಟಿದರು. ಅವನು ತೋಳು ಕೊಡವಿಕೊಂಡ. ಡ್ರಾ ಎಂದ. ಕಾಕಾ ಸೋಲು ಎಂದರು. ಗಾರ್ಡ್ ಸಾಹೇಬರನ್ನು ಇಬ್ಬರೂ ಒಂದೊಂದು ಕೈ ಹಿಡಿದು ಎಳೆದರು. ಪಾಪ, ಅವರು ಎರಡು ಸಲ ಸೀಟಿ ಊದಿದವರು, ಯಾವುದನ್ನು ತಮ್ಮದಲ್ಲ ಎಂದಾರು?

ದೊಡ್ಡ ಸಾವ್ಕಾರರು ಒಮ್ಮೆ ತಮ್ಮನ ಮುಖ, ಒಮ್ಮೆ ಫಿಟ್ಟರನ ಮುಖ ನೋಡುತ್ತ ನಿಂತಿದ್ದರು. ಅವರ ಜೀವಮಾನವೆಲ್ಲ ಕಲ್ಲಿನ ಅಳತೆಯ ತಕರಾರಿನಲ್ಲೇ ಕಳೆದಿತ್ತು. ಕೊಡುವವನು ದೊಡ್ಡ ಕಲ್ಲು ಎನ್ನುತ್ತಾನೆ, ಕೊಳ್ಳುವವನು ಸಣ್ಣದು ಎನ್ನುತ್ತಾನೆ. ಇಬ್ಬರೂ ತಂತಮ್ಮ ಪಾಲು ಬಿಡಲು ಹೊಡೆದಾಡುವುದನ್ನು ಅವರು ಕಂಡಿರಲಿಲ್ಲ. ಕಡೆಗೆ ಕೈ ಎತ್ತಿದರು.

“ನಿಮ್ಮ ಆಟ ನನಗ ತಿಳಿಯಂಗಿಲ್ಲ. ನೀವಿಬ್ರೂ ಕುಂತು ಮೊದಲ ಒಂದು ಮಾತಿಗಿ ಬರ್ರಿ. ಸೋಲಂದ್ರ ಸೋಲು, ಡ್ರಾ ಅಂದ್ರ ಡ್ರಾ. ಅಲ್ಲೀತನಕ ಕಲ್ಲು ಗಣಿಯಾಗೇ ಇರ್ಲಿ. ಭಜಿ ಅವ ಏನು ಇನ್ನಾ?”

ಇದ್ದವು. ತಣ್ಣಗಾಗಿದ್ದವು. ಸಾವ್ಕಾರರು ನಿಂತುಕೊಂಡೇ ತಿಂದರು.

ವಾಪಸು ಬರುವಾಗ ಲಾರಿಯಲ್ಲಿ ಕಲ್ಲಿರಲಿಲ್ಲ, ಕೂರಲು ಜಾಗವಿತ್ತು. ನಾನು ಕಾಕಾನ ಪಕ್ಕ ಕುಳಿತು ತರ್ಕ ಹೂಡಿದೆ. ನಿಯಮದಲ್ಲಿ ಐದರ ಗಾಡಿ ಎಂದರೆ ಐದಕ್ಕೆ ಬಂದ ಗಾಡಿ ಎಂದೂ ಅರ್ಥ ಮಾಡಬಹುದು, ಡ್ರಾ ಒಪ್ಪಿಬಿಡಿ, ಬಯಲು ಉಳಿಯುತ್ತದೆ ಎಂದೆ. ಕಾಕಾ ನನ್ನನ್ನು ಕನಿಕರದಿಂದ ನೋಡಿದರು. “ಅಂವ ಕೊಟ್ಟಾನಂತ ತಗೊಂಡ್ ಬರಾಕ ಅದೇನು ಸುಸಲಾನಾ ಮಾಸ್ತರಾ?” ಎಂದರು. ಸ್ವಲ್ಪ ದೂರ ಹೋದ ಮೇಲೆ ತಮ್ಮಷ್ಟಕ್ಕೆ ನಗಲು ಶುರುಮಾಡಿದರು. ಚಿತ್ತಾಪುರದ ದೀಪ ಕಾಣುವತನಕ ನಗುತ್ತಲೇ ಇದ್ದರು.

ಆ ಒಂದು ಮಾತು ಯಾವತ್ತೂ ಕೂಡಿ ಬರಲಿಲ್ಲ. ಪ್ರತಿ ವರ್ಷ ದಸರೆ ಮುಗಿದ ಮೇಲೆ ಕಾಕಾ ಬನ್ನಿ ಕೊಡುವ ನೆಪದಲ್ಲಿ, “ತೀರ್ಮಾನ ಮಾಡ್ಕೊಂಡು ಬರ್ತೀನಿ” ಎಂದು ವಾಡಿಗೆ ಹೋಗುತ್ತಿದ್ದರು. ಕ್ಯಾಪ್ಟನ್ನಿನ ಮನೆಯಲ್ಲಿ ಶೀರಕುರ್ಮವೋ ಶಾವಿಗೆಯೋ ಸಿಗುತ್ತಿತ್ತು. ಇಬ್ಬರೂ ಕೂಗಾಡುತ್ತಿದ್ದರು. ಕಾಕಾ ಅದೇ ಐದರ ಗಾಡಿ ವಾಡಿಗೆ ಬಂದು ಬಹಳ ಹೊತ್ತಾದ ಮೇಲೆ ಊರ ಕಡೆಯ ಗಾಡಿಯಲ್ಲಿ ತಿರುಗಿ ಬರುತ್ತಿದ್ದರು. ಸಾವ್ಕಾರರು ಅಂಗಡಿಯಲ್ಲಿ ಕೇಳುತ್ತಿದ್ದರು: “ಒಪ್ಪಿದ್ನೇನು?” “ಇಲ್ಲಣ್ಣಾ, ಭಾಳ ಮೊಂಡ ಇದ್ದಾನ.” “ಇರ್ಲಿ, ಮುಂದಿನ ವರ್ಷ ನೋಡು.” ಕಲ್ಲು ಬೇರೆ ಕಡೆ ಬಾಡಿಗೆಯ ಜಾಗದಲ್ಲಿ ಇಳಿಯುತ್ತಿತ್ತು. ಸಾವ್ಕಾರರು ಆ ಸಂಜೆ ಬೇಕೆಂದೇ ಹಾಗೆ ಹೇಳಿದರೋ, ಸುಸ್ತಾಗಿ ಹೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕಾಕಾನಿಗೆ ಗೊತ್ತಿತ್ತೇ? ಜಗಳ ಮುಗಿದರೆ ಬಯಲು ಹೋಗುತ್ತದೆಂದು ತಿಳಿದೇ ಜಗಳವಾಡುತ್ತಿದ್ದರೇ? ನಾನು ಒಮ್ಮೆ ನೇರವಾಗಿ ಕೇಳಿದೆ. “ನೀ ಲೆಫ್ಟ್ ಔಟ್ ಇದ್ದಿ, ಅಲ್ಲೇ ಇರು” ಎಂದರು.

ಆ ವರ್ಷದ ಪಟ್ಟಿಯ ಗತಿಯೂ ತಮಾಷೆಯದು. ಕಾಕಾ ಅಂಗಡಿಯ ಮುಂದಿನ ಫರಸಿಯಲ್ಲಿ ಚಿತ್ತಾಪುರವನ್ನು ಎಲ್ಲರಿಗಿಂತ ಕೆಳಗೆ ಬರೆದರು. ಮಳೆಗೆ ಅಳಿಸಿದರೆ ಮತ್ತೆ ಹಾಗೆಯೇ ಬರೆದರು. ವಾಡಿಯವರ ಪಟ್ಟಿಯಲ್ಲಿ ನಾವು ಕೆಳಗಿನಿಂದ ಎರಡನೆಯವರು ಎಂದು ಸುದ್ದಿ. ಇದರಿಂದ ಅನ್ಯಾಯವಾದದ್ದು ಚಿಂಚೋಳಿಗೆ. ಆದರೆ ಅವರ ಕ್ಯಾಪ್ಟನ್ ಮುಂದಿನ ವರ್ಷ ಬಂದಾಗ, “ನಮಗೇನ್ರಿ, ಕಡೀಕ ಇದ್ರೂ ನಮ್ಮ ಹೊಲದಾಗ ಯಾರೂ ಕಲ್ಲು ಒಗೀಲಾಕತ್ತಿಲ್ಲ” ಎಂದು ನಕ್ಕುಬಿಟ್ಟ. ಐವತ್ತಾರರಲ್ಲಿ ಹೈದರಾಬಾದ್ ರಾಜ್ಯವೇ ಮೂರು ಪಾಲಾಯಿತು. ನಾವು ಮೈಸೂರಿಗೆ ಬಂದೆವು. ಯಾರು ಯಾರಿಗೋ ಎಲ್ಲೆಲ್ಲಿಗೋ ವರ್ಗವಾಯಿತು. ಲೀಗ್ ಆ ಗದ್ದಲದಲ್ಲಿ ನಿಂತದ್ದು ಮತ್ತೆ ಶುರುವಾಗಲಿಲ್ಲ. ಬಯಲು ಮಾತ್ರ ಇತ್ತು, ಹುಡುಗರು ಆಡುತ್ತಿದ್ದರು.

ನಾನು ಬೀದರಿನ ಕಡೆ ಕೆಲಸಕ್ಕೆ ಹೋದೆ. ಅಲ್ಲಿಂದ ಇನ್ನೊಂದು ಊರು, ಮತ್ತೊಂದು ಊರು. ಒಂದು ಕಡೆ ನಿಲ್ಲುವ ಸ್ವಭಾವ ನನ್ನದಲ್ಲ. ದೊಡ್ಡ ಸಾವ್ಕಾರರು ಹೋದ ಸುದ್ದಿ ಬಂತು. ಕೆಲವು ವರ್ಷಗಳ ಮೇಲೆ ಕಾಕಾ ಹೋದ ಸುದ್ದಿಯೂ ಬಂತು, ಮಣ್ಣು ಮಾಡಿ ಬಹಳ ದಿನವಾದ ಮೇಲೆ. ಕಡೆಯ ದಸರೆಗೂ ಅವರು ವಾಡಿಗೆ ಹೋಗಿದ್ದರಂತೆ... ಮುಂದೆ ಯಾವಾಗಲೋ ಊರಿಗೆ ಹೋದಾಗ ಅಂಗಡಿಯ ಹಿಂದೆ ಹೋಗಿ ನೋಡಿದೆ. ಬಯಲ ತುಂಬ ಫರಸಿ ಸಾಲು ಸಾಲಾಗಿ ನಿಂತಿತ್ತು. ಯಾರನ್ನೂ ದೂರುವ ಹಾಗಿರಲಿಲ್ಲ. ಸಾವ್ಕಾರರ ಮಕ್ಕಳಿಗೆ ಆ ಜಗಳ ಏನೆಂದೇ ಗೊತ್ತಿರಲಿಲ್ಲ. ಕಲ್ಲುಗಳ ನಡುವೆ ಸ್ವಲ್ಪ ಹೊತ್ತು ಅಡ್ಡಾಡಿ ಬಂದೆ. ಆ ಮನುಷ್ಯ ಇದ್ದಷ್ಟು ದಿನ ನಾನು ಅವರಿಗೆ ಒಂದು ಕಾಗದವನ್ನೂ ಬರೆದಿರಲಿಲ್ಲ.

ಚಪ್ಪಲಿ ಅಂಗಡಿಯಿಂದ ಬಂದ ರಾತ್ರಿ ನನಗೆ ಅನುಮಾನ ಶುರುವಾಯಿತು. ಗೆದ್ದವನು ಗೆದ್ದಿಲ್ಲ ಎನ್ನುವುದು, ಸೋತವನು ಸೋತೆ ಎಂದು ಹಟ ಹಿಡಿಯುವುದು, ಇಂಥದ್ದು ನಡೆಯುತ್ತದೆಯೇ? ನನ್ನ ವಿದ್ಯಾರ್ಥಿ ಹೀಗೆ ಬರೆದು ತಂದಿದ್ದರೆ ಆಧಾರವೇನು ಎಂದು ಕೇಳುತ್ತಿದ್ದೆ. ಆ ವಾರವೇ ವಾಡಿಗೆ ಹೋದೆ. ಕ್ಯಾಪ್ಟನ್ ಇದ್ದಾನೆ. ಮಗನ ಮನೆಯಲ್ಲಿ, ಕಿವಿ ಸ್ವಲ್ಪ ಮಂದ, ಕೈಗಳು ಈಗಲೂ ಸಲಿಕೆಯೇ. “ಬರ್ರಿ ಮಾಸ್ತರ್ ಸಾಬ್, ಕುಂದ್ರಿ” ಎಂದ. ನಾನು ಯಾವ ಸುಳಿವೂ ಕೊಡದೆ, ಆ ಪಂದ್ಯ ಏನಾಯಿತು ಎಂದಷ್ಟೇ ಕೇಳಿದೆ.

“ಡ್ರಾ” ಎಂದ.

“ನಿಮ್ಮವರು ಇನ್ನೊಂದು ಗೋಲು ಹೊಡೆದಿದ್ದರಲ್ಲ?”

“ಹೊಡದಿದ್ವಿ. ಡ್ರಾ.”

ಕಾಕಾ ಹೋಗಿ ಎಷ್ಟೋ ವರ್ಷವಾಯಿತು, ಬಯಲೂ ಹೋಯಿತು, ಇನ್ನು ಯಾರಿಗಾಗಿ ಈ ಹಟ, ಈಗಲಾದರೂ ಗೆದ್ದೆ ಎನ್ನಬಹುದಲ್ಲ ಎಂದು ನಾನು ನಗುತ್ತ ಕೇಳಿದೆ. ಅವನು ನಗಲಿಲ್ಲ.

“ಅವ್ರು ಇಲ್ಲಂತ ನಾ ಗೆಲ್ಲಬೇಕೇನ್ರಿ?”

ಅಷ್ಟರ ಮೇಲೂ ನನ್ನ ಚಾಳಿ ಬಿಡಲಿಲ್ಲ. ಮುದುಕರ ಮಾತು, ಕಾಕಾನ ಮೇಲಿನ ಪ್ರೀತಿಯಲ್ಲಿ ಆಮೇಲೆ ಕಟ್ಟಿಕೊಂಡದ್ದೂ ಇರಬಹುದು. ಅಂದು ವಾಡಿ ಗೆದ್ದಿದ್ದರೆ ಗುಲಬರ್ಗಾದ ಕರೆ ತಪ್ಪುತ್ತಿದ್ದದ್ದು ಸೇಡಂಗೆ, ಹಾಗಾಗಿ ಅಲ್ಲಿಂದ ಸೇಡಂಗೆ ಹೋದೆ. ಆ ಕಾಲದಲ್ಲಿ ಸೇಡಂಗೆ ಆಡಿದ್ದ ಇಬ್ಬರು ಸಿಕ್ಕರು, ಬೇರೆ ಬೇರೆ ಓಣಿಯವರು. ವಾಡಿಯ ಸುದ್ದಿ ಎತ್ತದೆ ಇಬ್ಬರನ್ನೂ ಬೇರೆ ಬೇರೆಯಾಗಿ ಒಂದೇ ಪ್ರಶ್ನೆ ಕೇಳಿದೆ: ಆ ವರ್ಷ ಎರಡನೆಯ ಸ್ಥಾನದಲ್ಲಿ ಗುಲಬರ್ಗಾಕ್ಕೆ ಹೋದವರು ಯಾರು? ಒಬ್ಬರು ಗೋಡೆಯ ಮೇಲಿನ ಫೋಟೋ ಇಳಿಸಿ, ತಮ್ಮ ಹನ್ನೊಂದು ಮಂದಿ ಗುಲಬರ್ಗಾ ಸ್ಟೇಶನ್ನಿನ ಮುಂದೆ ನಿಂತದ್ದನ್ನು ತೋರಿಸಿದರು. ತಮಗೆ ಆ ಕರೆ ಬಂದದ್ದು ಅದೊಂದೇ ಸಲ ಎಂದರು. ಇಬ್ಬರ ಉತ್ತರವೂ ಒಂದೇ ಆಗಿತ್ತು. ಆದ್ದರಿಂದ ಇದಿಷ್ಟನ್ನು ನಾನು ಅನುಮಾನವಿಲ್ಲದೆ ಬರೆಯಬಲ್ಲೆ: ಆ ವರ್ಷ ಎರಡನೆಯ ಸ್ಥಾನದಲ್ಲಿ ಗುಲಬರ್ಗಾಕ್ಕೆ ಹೋದದ್ದು ಸೇಡಂ. ವಾಡಿ ಹೋಗಲಿಲ್ಲ.